ಝುಮಾದಿಯ ಸರದಿ

೨೦೦೭ರಲ್ಲಿ ನಾನು ಕೊಲ್ಕತ್ತಾದ ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಲ್ಲಿದ್ದ ಒಂದು ಸಣ್ಣ ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಲೀಡ್ ಡಿಸೈನರ್ ಆಗಿದ್ದೆ. ಇಪ್ಪತ್ತಾರು ಜನರ ಕಂಪನಿ. ಅದರಲ್ಲಿ ಹೆಂಗಸರು ಇಬ್ಬರು, ಕನ್ನಡದವಳು ನಾನೊಬ್ಬಳು. ಆಟದ ಕಥೆ ಏನು, ಪಾತ್ರಗಳು ಏನು ಮಾತನಾಡಬೇಕು, ಆಡುವವರಿಗೆ ಎಲ್ಲಿ ಯಾವ ಆಯ್ಕೆ ಕೊಡಬೇಕು ಎಂದು ತೀರ್ಮಾನಿಸಿ ಬರೆಯುವುದು ನನ್ನ ಕೆಲಸ. ಇದನ್ನು ಊರಿನ ನೆಂಟರಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಅವರು ಕೈತೊಳೆಯಲು ಎದ್ದಿರುತ್ತಿದ್ದರು. ಅಪ್ಪ ಬ್ಯಾಂಕಿನವರು. ಕುಂದಾಪುರದಿಂದ ವರ್ಗವಾಗಿ ಬಂದು, ಸದರ್ನ್ ಅವೆನ್ಯೂದಲ್ಲಿ ಮನೆ ಮಾಡಿ, ನಿವೃತ್ತರಾದ ಮೇಲೂ ಇಲ್ಲೇ ಉಳಿದವರು. ಅವರು ಮಾತ್ರ "ಮಗಳು ಕಂಪ್ಯೂಟರಿನಲ್ಲಿದ್ದಾಳೆ" ಎಂದು ಒಂದೇ ಮಾತಿನಲ್ಲಿ ವಿಷಯ ಮುಗಿಸುತ್ತಿದ್ದರು. ನನ್ನ ಹೆಸರು ಶೈಲಜಾ, ಆಫೀಸಿನಲ್ಲಿ ಎಲ್ಲರಿಗೂ ಶೈಲಾದಿ. ಬಂಗಾಳಿಗಳು ಹೆಸರಿನ ಕೊನೆಗೆ ‘ದಿ’ ಸೇರಿಸಿದರೆ ಅಕ್ಕ ಎಂದರ್ಥ.

ಆ ವರ್ಷ ನಾವು ಮಾಡುತ್ತಿದ್ದದ್ದು ಒಂದು ಆರ್‌ಪಿಜಿ. ರೋಲ್ ಪ್ಲೇಯಿಂಗ್ ಗೇಮ್ ಎನ್ನುವುದರ ಚಿಕ್ಕ ರೂಪ ಅದು. ಆಡುವವರು ಒಂದು ಪಾತ್ರವಾಗಿ ಕಥೆಯೊಳಗೆ ಹೋಗುತ್ತಾರೆ. ಯಾರಿಗೆ ಏನು ಉತ್ತರ ಕೊಡಬೇಕು, ಯಾರನ್ನು ನಂಬಬೇಕು, ಯಾರ ಮೇಲೆ ಕೈ ಮಾಡಬೇಕು ಎಂದು ತಾವೇ ಆರಿಸುತ್ತಾರೆ. ಆಯ್ಕೆಗೆ ತಕ್ಕಂತೆ ಕಥೆ ಮುಂದೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ನಮ್ಮ ಆಟಕ್ಕೆ ‘ಏಳು ಘಾಟು’ ಎಂದು ಹೆಸರಿಟ್ಟಿದ್ದೆವು. ಘಾಟು ಎಂದರೆ ಹೊಳೆದಂಡೆಯಲ್ಲಿ ದೋಣಿ ಹತ್ತಿಳಿಯುವ ಕಟ್ಟೆ. ಮೊಯ್ನಾ ಎಂಬ ಅಂಬಿಗನ ಮಗಳು, ದೋಣಿ ತೆಗೆದುಕೊಂಡು ಹೋಗಿ ಮರಳಿ ಬಾರದ ಅಪ್ಪನನ್ನು ಹುಡುಕುತ್ತಾ ಏಳು ಘಾಟುಗಳನ್ನು ದಾಟುತ್ತಾಳೆ. ಜತೆಗೆ ಕಾಸಿಮ್ ಚಾಚಾ ಎಂಬ ಮುದುಕ ಅಂಬಿಗ. ಅವನನ್ನು ನಡೆಸುವುದು ಕಂಪ್ಯೂಟರು. ಆರನೇ ಘಾಟಿನಲ್ಲಿ ಅವನು ದೋಣಿಯಿಂದ ಇಳಿದುಬಿಡುತ್ತಾನೆ. ಏಳನೆಯದರಲ್ಲಿ ಅಪ್ಪ ಸಿಗುತ್ತಾನೆ, ಆದರೆ ಅವನಿಗೆ ಮಗಳ ಗುರುತಿಲ್ಲ. ತಾನು ಯಾರೆಂದು ಹೇಳಬೇಕೋ, ಅಥವಾ ಯಾರೋ ಪ್ರಯಾಣಿಕಳ ಹಾಗೆ ಅವನ ದೋಣಿಯಲ್ಲಿ ಕೂತು ಹೊಳೆ ದಾಟಿ ಸುಮ್ಮನೆ ಹೋಗಬೇಕೋ, ಆಡುವವರು ನಿರ್ಧರಿಸಬೇಕು. ಆ ಕೊನೆಯ ಹತ್ತು ನಿಮಿಷದ ಬಗ್ಗೆ ನನಗೆ ಬಹಳ ಜಂಬವಿತ್ತು. ಆ ಘಾಟನ್ನು ಮೊಯ್ನಾ ಒಬ್ಬಳೇ ಎದುರಿಸಬೇಕೆಂದೇ ಮುದುಕನನ್ನು ಆರರಲ್ಲಿ ಇಳಿಸಿದ್ದೆ.

ಕಥೆ ಒಬ್ಬರಿಗೇ ಸೇರಿದ್ದು ಎನ್ನುವುದು ನನ್ನ ಹುಟ್ಟುಗುಣ. ಚಿಕ್ಕವಳಿದ್ದಾಗ ಓದುತ್ತಿರುವ ಪುಸ್ತಕಕ್ಕೆ ಯಾರಾದರೂ ಬೆನ್ನ ಹಿಂದಿನಿಂದ ಇಣುಕಿದರೆ ಪಟ್ಟನೆ ಮುಚ್ಚಿಬಿಡುತ್ತಿದ್ದೆ. ಅಮ್ಮ "ಎಂತ ಹೆಣೆ, ನಿನ್ನ ಪುಸ್ತಕಕ್ಕೂ ಮಡಿಯಾ?" ಎಂದು ರೇಗಿಸುತ್ತಿದ್ದಳು. ದೊಡ್ಡವಳಾಗಿ ಅದೇ ಮಡಿಯನ್ನು ಡಿಸೈನ್ ಡಾಕ್ಯುಮೆಂಟಿಗೆ ತಂದೆ. ಮೊದಲ ಪುಟದಲ್ಲೇ ‘ಈ ಆಟ ಒಬ್ಬರಿಗಾಗಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೆ.

ನವೆಂಬರಿನಲ್ಲಿ ನಮ್ಮ ಪಬ್ಲಿಷರ್ ಕಡೆಯಿಂದ ಇಮೇಲ್ ಬಂತು. ಪಬ್ಲಿಷರ್ ಎಂದರೆ ಆಟಕ್ಕೆ ಬಂಡವಾಳ ಹಾಕಿ ಮಾರುವ ಕಂಪನಿ, ನಮ್ಮದು ಯುರೋಪಿನದು. ಆಟದಲ್ಲಿ ಕೋ-ಆಪ್ ಬೇಕು ಎಂದರು. ಕೋ-ಆಪ್ ಎಂದರೆ ಇಬ್ಬರು ಎದುರಾಳಿಗಳಾಗದೆ ಒಂದೇ ಕಡೆಯವರಾಗಿ ಕೂಡಿ ಆಡುವುದು. ಅಂಗಡಿಯಲ್ಲಿ ಡಬ್ಬದ ಹಿಂಬದಿಗೆ ‘ಇಬ್ಬರು ಆಡಬಹುದು’ ಎಂದು ಅಚ್ಚು ಹಾಕಿದರೆ ಮಾಲು ಹೋಗುತ್ತದಂತೆ. ನಾನು ಮೂರು ಪುಟದ ಪ್ರತಿಭಟನೆ ಬರೆದೆ. ಹೊಡೆದಾಟದ ಆಟಕ್ಕೆ ಜತೆಗಾರ ಸರಿ. ಅಪ್ಪನ ಮುಖ ನೋಡುವ ಹೊತ್ತಿನಲ್ಲಿ ಪಕ್ಕದಲ್ಲಿ ಇನ್ನೊಬ್ಬ ಕತ್ತಿ ಬೀಸುತ್ತಾ ಕುಣಿಯುತ್ತಿದ್ದರೆ ಕಥೆ ಸತ್ತಂತೆ ಎಂದು ವಾದಿಸಿದೆ. ಆ ವಾದ ತಪ್ಪೆಂದು ಇಂದಿಗೂ ನನಗೆ ಅನ್ನಿಸಿಲ್ಲ.

ಇದನ್ನು ಚರ್ಚಿಸಲು ಕರೆದ ಮೀಟಿಂಗಿನಲ್ಲಿ ನಮ್ಮ ಲೀಡ್ ಪ್ರೋಗ್ರಾಮರ್ ಪಾರ್ಥನೂ ಇದ್ದ. ನನಗಿಂತ ಐದು ವರ್ಷ ಚಿಕ್ಕವನು, ಮಾತು ಕಡಿಮೆ. ಎಲ್ಲರೂ ಎದ್ದು ಹೋದ ಮೇಲೆ, "ಶೈಲಾದಿ, ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ. ಈ ಆಟವನ್ನು ಮನೆಯಲ್ಲಿ ಹೇಗೆ ಆಡುತ್ತಾರೆ ಅಂತ ಒಮ್ಮೆ ನೋಡಿ" ಎಂದ.

ಅವನ ಮನೆ ಸಿಯಾಲ್ದಾ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿ. ಕಿಟಕಿ ತೆರೆದರೆ ರೈಲಿನ ಅನೌನ್ಸ್‌ಮೆಂಟು, ಮೀನು ಮಾರುವವರ ಕೂಗು ಎಲ್ಲವೂ ಒಳಗೇ. ಮನೆಯಲ್ಲಿ ಮೂವರು: ಪಾರ್ಥ, ಅವನ ತಾಯಿ, ಅಕ್ಕ ಝುಮಾದಿ. ಝುಮಾದಿಗೆ ನಲವತ್ತೊಂದು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿದವರು. ಕೈಯಲ್ಲಿ ಸೀಮೆಸುಣ್ಣ ನಿಲ್ಲದೆ ಬೀಳತೊಡಗಿದಾಗ ಡಾಕ್ಟರಿಗೆ ತೋರಿಸಿದರು. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಎಂದು ತಿಳಿಯಿತು. ಆ ಶನಿವಾರದ ಹೊತ್ತಿಗೆ ಎರಡೂ ಕೈ ಹೋಗಿದ್ದವು. ದಿಂಬುಗಳ ಆಸರೆಯಲ್ಲಿ ಕುರ್ಚಿಯಲ್ಲಿ ಕೂತು, ಟೀಚರಿನ ಗತ್ತಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರೆದದ್ದು ನೀನೇ ಏನು? ಎರಡನೇ ಘಾಟಿನಲ್ಲಿ ಒಂದು ಸ್ಪೆಲಿಂಗ್ ತಪ್ಪಿದೆ" ಎಂದರು. ಅದು ಅವರು ನನಗೆ ಹೇಳಿದ ಮೊದಲ ಮಾತು.

ಆಮೇಲೆ ಆಟ ಶುರುವಾಯಿತು. ಆ ಕಾಲಕ್ಕೆ ಮನೆಗೊಂದೇ ಕಂಪ್ಯೂಟರು, ಅದೂ ನಡುಮನೆಯಲ್ಲಿ. ಪಾರ್ಥ ಆಫೀಸಿನಿಂದ ತಂದು ಹಾಕಿದ್ದ ಮೊದಲ ಎರಡು ಘಾಟುಗಳ ಪ್ರತಿ ಅದರಲ್ಲಿತ್ತು. ಅವನೇ ಮೌಸ್ ಹಿಡಿದ. ಝುಮಾದಿ ಪಕ್ಕದಲ್ಲಿ ಕೂತು ಪರದೆಯ ಮೇಲೆ ಬರುವ ಇಂಗ್ಲಿಷ್ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, ಕೂಡಲೇ ಬಂಗಾಳಿಗೆ ತಿರುಗಿಸಿ ಹೇಳಿದರು. ಪ್ರತಿ ಪಾತ್ರಕ್ಕೂ ಒಂದೊಂದು ದನಿ. ತಾಯಿ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಾ ಕೇಳುತ್ತಿದ್ದರು. ಆಯ್ಕೆ ಬಂದಾಗಲೆಲ್ಲ ಮೂವರೂ ವಾದಕ್ಕೆ ಇಳಿಯುತ್ತಿದ್ದರು. ಕೊನೆಗೆ ಝುಮಾದಿ ತೀರ್ಪು ಕೊಟ್ಟರೆ ಪಾರ್ಥ ಕ್ಲಿಕ್ ಮಾಡುತ್ತಿದ್ದ. ಎರಡನೇ ಘಾಟಿನಲ್ಲಿ ನೇಕಾರ ಹೆಂಗಸೊಬ್ಬಳು ತನ್ನ ಮಗನನ್ನು ಕಂಡೆಯಾ ಎಂದು ಮೊಯ್ನಾಳನ್ನು ಕೇಳುತ್ತಾಳೆ. ಮಗ ಹೊಳೆಯ ಪಾಲಾದದ್ದು ಮೊಯ್ನಾಳಿಗೆ ಗೊತ್ತು. ನಿಜ ಹೇಳು, ಕಂಡಿಲ್ಲ ಎನ್ನು, ಸುಮ್ಮನಿರು ಎಂದು ನಾನು ಮೂರು ಆಯ್ಕೆ ಕೊಟ್ಟಿದ್ದೆ. ತಾಯಿ ಬಟಾಣಿ ಬುಟ್ಟಿಯಿಂದ ತಲೆಯೆತ್ತಿ, "ಅವಳು ಮೊದಲು ಊಟ ಮಾಡಲಿ, ಆಮೇಲೆ ಹೇಳು" ಎಂದರು.

"ಅಂಥ ಆಯ್ಕೆ ಇಲ್ಲ ಮಾ," ಎಂದ ಪಾರ್ಥ.

"ಇರಬೇಕಿತ್ತು," ಎಂದರು ಝುಮಾದಿ, ನನ್ನ ಕಡೆ ನೋಡಿ.

ಆಫೀಸಿನಲ್ಲಿ ನಾಲ್ಕು ನಿಮಿಷದಲ್ಲಿ ಮುಗಿಯುತ್ತಿದ್ದ ಆ ಮಾತುಕತೆಗೆ ಅಲ್ಲಿ ನಲವತ್ತು ನಿಮಿಷ ಹಿಡಿಯಿತು. ನಾನು ನನ್ನ ನೋಟ್‌ಬುಕ್ಕಿನಲ್ಲಿ ‘ವೇಗ ಕಡಿಮೆ’ ಎಂದು ಬರೆದುಕೊಂಡೆ. ಹತ್ತು ವರ್ಷ ಕಥೆ ಬರೆದು ಹೊಟ್ಟೆ ಹೊರೆದವಳು, ನನ್ನ ಕಥೆಗೆ ಅಷ್ಟು ಒಳ್ಳೆಯ ಕೇಳುಗರು ಮೂವರು ಎದುರಿಗೇ ಕೂತಿರುವಾಗ ಬರೆದುಕೊಂಡದ್ದು ಅದನ್ನು.

ಹೊರಡುವ ಮೊದಲು ಝುಮಾದಿ ನೇರವಾಗಿ ವಿಷಯಕ್ಕೆ ಬಂದರು. "ಡಾಕ್ಟರು ಹೇಳಿದ್ದಾರೆ, ಇನ್ನು ನಾಲಿಗೆಯ ಸರದಿ. ವರ್ಷವೊಂದು ಸಿಗಬಹುದು. ಆಮೇಲೆ ಇವರಿಬ್ಬರು ವಾದ ಮಾಡುತ್ತಾರೆ, ನಾನು ಕೂತು ನೋಡುತ್ತೇನೆ. ಆ ಮುದುಕ ಕಾಸಿಮ್ ಇದ್ದಾನಲ್ಲ, ಅವನನ್ನು ನನಗೆ ಕೊಡು. ನನಗೆ ಕತ್ತಿ ಬೇಡ, ಓಡುವುದು ಬೇಡ. ಅವನು ಏನು ಹೇಳಬೇಕು ಅಂತ ನಾನು ಆರಿಸುತ್ತೇನೆ. ಬಲಗಾಲು ಇನ್ನೂ ನನ್ನ ಮಾತು ಕೇಳುತ್ತದೆ."

ನಾನು ಏನೋ ಸಮಾಧಾನದ ಮಾತು ಹೇಳಲು ಹೋದೆ. ಅವರು ತಡೆದರು. "ನನ್ನನ್ನು ಗೆಲ್ಲಿಸು ಅಂತ ಕೇಳುತ್ತಿಲ್ಲ. ನನ್ನ ಸರದಿ ಕೊಡು ಅಂತ ಕೇಳುತ್ತಿದ್ದೇನೆ. ಮತ್ತೆ ಇನ್ನೊಂದು. ಅವನು ಆರನೇ ಘಾಟಿನಲ್ಲಿ ಇಳಿದುಬಿಡುತ್ತಾನೆ ಅಂತ ಪಾರ್ಥ ಹೇಳಿದ. ಯಾಕೆ ಇಳಿಯುತ್ತಾನೆ? ಅವನನ್ನು ಯಾರಾದರೂ ಕೇಳಿದಿರಾ?"

ಜನವರಿಗೆ ಪಾರ್ಥ ಒಂದು ಮಾದರಿ ತಯಾರಿಸಿದ. ಹಳೆಯ ಹೊಲಿಗೆ ಮೆಶಿನ್ನಿನ ಪೆಡಲನ್ನು ಬಿಚ್ಚಿ, ತಂತಿ ಜೋಡಿಸಿ, ಒಂದು ಕಾಲಿನಲ್ಲಿ ಒತ್ತುವ ಸ್ವಿಚ್ಚು ಮಾಡಿದ್ದ. ಮೆಲ್ಲಗೆ ಒತ್ತಿದರೆ ಮುಂದಿನ ಸಾಲು, ಒತ್ತಿ ಹಿಡಿದರೆ ಆಯ್ಕೆ. ಮೊಯ್ನಾಳನ್ನು ಒಬ್ಬರು ಆಡಿಸಿದರೆ, ಕಾಸಿಮ್ ಚಾಚಾನ ಮಾತು ಇನ್ನೊಬ್ಬರದು. ಮುದುಕ ಏನಂದನೋ ಅದರ ಮೇಲೆ ಎದುರಿನವರ ಉತ್ತರವೂ ಬದಲಾಗುತ್ತಿತ್ತು. ಮೊದಲ ಎರಡು ಘಾಟುಗಳಿಗೆ ಮಾತ್ರ ಮಾಡಿದ್ದ. ಮುದುಕನ ಮಾತುಗಳನ್ನು ತನ್ನ ಒರಟು ಇಂಗ್ಲಿಷಿನಲ್ಲಿ ತಾನೇ ಬರೆದಿದ್ದ, ಝುಮಾದಿ ತಿದ್ದಿದ್ದರು. ನೇಕಾರ ಹೆಂಗಸಿನ ಮುಂದೆ ಕಾಸಿಮ್, "ಇವರು ಮೊದಲು ಊಟ ಮಾಡಲಿ" ಎನ್ನುತ್ತಿದ್ದ. ಉಳಿದ ಘಾಟುಗಳಿಗೆ ಮಾತು ಬರೆದುಕೊಡಬೇಕಾದವಳು ನಾನು. ಒಂದು ತಿಂಗಳ ಸಂಜೆಗಳ ಕೆಲಸ.

ನಾನು ಅದನ್ನು ಆಡಿ ನೋಡಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಎನ್ನುವುದೇ ನನ್ನನ್ನು ಕೆರಳಿಸಿತು. ಇದು ಒಳಗೆ ಬಂದರೆ ಮುದುಕ ಏಳನೇ ಘಾಟಿಗೂ ಬರುತ್ತಾನೆ, ಆ ಕೊನೆಯ ಹತ್ತು ನಿಮಿಷ ನನ್ನದಾಗಿ ಉಳಿಯುವುದಿಲ್ಲ. ಪಾರ್ಥನಿಗೆ ಮಾತ್ರ, "ಪಬ್ಲಿಷರ್ ಜತೆ ವಿಡಿಯೋ ಕರೆ ಇದೆಯಲ್ಲ, ಅದರಲ್ಲಿ ತೋರಿಸೋಣ" ಎಂದೆ. ಅವನು ಒಂದು ಪುಟದ ಟಿಪ್ಪಣಿ ಬರೆದು, ಮಾದರಿಯನ್ನು ಆಫೀಸಿನ ಕಂಪ್ಯೂಟರಿಗೆ ಹಾಕಿಟ್ಟ.

ಕರೆ ನಿಗದಿಯಾದದ್ದು ೨೦೦೮ರ ಫೆಬ್ರವರಿಯಲ್ಲಿ, ಮಧ್ಯಾಹ್ನ ಎರಡೂವರೆಗೆ. ನಮ್ಮ ಅದೃಷ್ಟಕ್ಕೆ ಆ ದಿನವೇ ಬಂದ್ ಘೋಷಣೆಯಾಯಿತು. ಆಗ ಕೊಲ್ಕತ್ತಾದಲ್ಲಿ ಬಂದ್ ಎಂದರೆ ಮಳೆಯ ಹಾಗೆ ಮಾಮೂಲು. ಸೆಕ್ಟರ್ ಫೈವ್‌ನ ಕಂಪನಿಗಳು ಬೇಕಾದವರನ್ನು ಹಿಂದಿನ ದಿನವೇ ಆಫೀಸಿನಲ್ಲಿ ಉಳಿಸಿಕೊಳ್ಳುತ್ತಿದ್ದವು. ನಾನೂ ಪಾರ್ಥನೂ ಉಳಿಯುವುದೆಂದಿತ್ತು. ಆದರೆ ಆ ಸಂಜೆ ಝುಮಾದಿಗೆ ಉಸಿರಾಟದ ತೊಂದರೆಯಾಗಿ ಅವನು ಮನೆಗೆ ಓಡಿದ. ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿದ. ಅಕ್ಕ ಸುಧಾರಿಸಿದ್ದಾಳೆ, ಬಸ್ಸು ಟ್ಯಾಕ್ಸಿ ಏನೂ ಇಲ್ಲ, ನಡೆದು ಬರುತ್ತೇನೆ ಎಂದ.

"ಬೇಡ," ಎಂದೆ ನಾನು. "ಅಕ್ಕನ ಹತ್ತಿರ ಇರು. ನಾನು ನೋಡಿಕೊಳ್ಳುತ್ತೇನೆ."

ಕರೆಯಲ್ಲಿ ನಮ್ಮ ಕಡೆಯಿಂದ ನಾನೊಬ್ಬಳೇ. ಆ ಕಡೆ ಮೂವರು. ಅವರ ನಿರೀಕ್ಷೆ ಸರಳವಾಗಿತ್ತು: ಇಬ್ಬರು ಆಟಗಾರರು, ಇಬ್ಬರಿಗೂ ಆಯುಧ, ಇಬ್ಬರಿಗೂ ಸಮನಾದ ಓಡಾಟ. ನಾನು ಖರ್ಚಿನ, ಸಮಯದ ತೊಂದರೆಗಳನ್ನೆಲ್ಲ ಹೇಳಿದೆ. ಆಗ ಅವರಲ್ಲಿ ಹಿರಿಯರಾದ ಹೆಂಗಸೊಬ್ಬರು ಮೃದುವಾಗಿಯೇ ಕೇಳಿದರು: "ನಿಮ್ಮ ಕಥೆಗೆ ಒಪ್ಪುವಂಥ ಬೇರೆ ಬಗೆಯ ಕೋ-ಆಪ್ ಏನಾದರೂ ನಿಮ್ಮ ತಂಡ ಯೋಚಿಸಿದೆಯೇ? ಇದ್ದರೆ ನೋಡಲು ನಾವು ತಯಾರು."

ಪಾರ್ಥನ ಟಿಪ್ಪಣಿ ನನ್ನ ಮೊಣಕೈ ಕೆಳಗಿತ್ತು. ಮಾದರಿ ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿತ್ತು.

"ಇಲ್ಲ," ಎಂದೆ.

ಇದನ್ನು ಹೆದರಿಕೆಯಿಂದ ಹೇಳಿದೆ ಎಂದರೆ ಸುಳ್ಳಾಗುತ್ತದೆ. ನನ್ನದು ಲೆಕ್ಕಾಚಾರ. ಮುದುಕನ ದಾರಿ ಸುಲಭದ್ದು. ತೋರಿಸಿದರೆ ಅವರು ಅಲ್ಲೇ ಒಪ್ಪುತ್ತಾರೆ, ಕೋ-ಆಪ್ ಒಳಗೆ ಬಂದೇ ಬರುತ್ತದೆ. ಎರಡು ಕತ್ತಿಯ ದಾರಿ ದುಬಾರಿ, ಆರೇಳು ತಿಂಗಳು ಬೇಡುವಂಥದ್ದು. ಅದೊಂದೇ ದಾರಿ ಎಂದರೆ ಅವರೇ ಬೇಸತ್ತು ಕೈಬಿಡುತ್ತಾರೆ, ನನ್ನ ಆಟ ನನಗೆ ಉಳಿಯುತ್ತದೆ. ಇಷ್ಟನ್ನೂ ಆ ಒಂದು ಉಸಿರಿನಲ್ಲಿ ಯೋಚಿಸಿದ್ದೆ. ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಅವರು ಕೈಬಿಡಲಿಲ್ಲ. ಒಂದು ವಾರದ ಮೇಲೆ ಗಡುವನ್ನು ಸೆಪ್ಟೆಂಬರಿಗೆ ಮುಂದೂಡಿ, ಎರಡು ಕತ್ತಿಯ ಕೋ-ಆಪನ್ನೇ ಮಾಡಿ ಎಂದರು.

ಅದಕ್ಕೂ ಮೊದಲು, ಬಂದ್‌ನ ಮಾರನೆಯ ದಿನ, ಪಾರ್ಥ ಬ್ಯಾಗು ಇಳಿಸುವ ಮೊದಲೇ ನನ್ನ ಮೇಜಿಗೆ ಬಂದಿದ್ದ. "ತೋರಿಸಿದಿರಾ ಶೈಲಾದಿ?"

"ಸಮಯ ಸಿಗಲಿಲ್ಲ ಕಣೋ. ಅವರು ಆತುರದಲ್ಲಿದ್ದರು."

"ಆಚ್ಛಾ," ಎಂದು ತಲೆಯಾಡಿಸಿ ಹೋದ. ಆಮೇಲೆ ಆ ವಿಷಯ ಅವನಾಗಿ ಒಮ್ಮೆಯೂ ಎತ್ತಲಿಲ್ಲ. ನನಗೆ ಅದು ಹಾಯೆನಿಸಿತು.

ಮುಂದಿನ ಏಳು ತಿಂಗಳು ಎಲ್ಲರಿಗೂ ನರಕ. ಮೊಯ್ನಾಳಿಗೆ ಸರಿಸಮನಾಗಿ ಇನ್ನೊಬ್ಬ ಕತ್ತಿಗಾರನನ್ನು ಸೃಷ್ಟಿಸಿದೆವು. ಶನಿವಾರ, ಭಾನುವಾರ ಎನ್ನುವುದು ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವನು ಪಾರ್ಥ. ಆ ದಿನಗಳನ್ನು ಅವನು ಕಳೆಯಬೇಕಿದ್ದದ್ದು ಮನೆಯಲ್ಲಿ. ಅಷ್ಟರಲ್ಲಿ ಆಟದ ಒಳಗಿನ ರಚನೆಯೇ ಬದಲಾಗಿ, ಜನವರಿಯ ಮಾದರಿಗೆ ಹೊಸದೇನನ್ನೂ ಸೇರಿಸಲಾಗದಂತಾಯಿತು. ಮೊದಲ ಎರಡು ಘಾಟುಗಳಲ್ಲೇ ಅದು ನಿಂತುಹೋಯಿತು.

ಆಗಸ್ಟಿನಲ್ಲಿ ಪ್ಲೇಟೆಸ್ಟ್ ಮಾಡಿದೆವು. ಹೊರಗಿನವರನ್ನು ಕರೆಸಿ, ಆಟ ಆಡಿಸಿ, ಹಿಂದೆ ಕೂತು ಗಮನಿಸುವುದಕ್ಕೆ ಹಾಗೆನ್ನುತ್ತಾರೆ. ಕಾಲೇಜು ಹುಡುಗರು ಇಬ್ಬಿಬ್ಬರಾಗಿ ಕೂತರು. ನಕ್ಕರು, ಕಿರುಚಿದರು, ಒಬ್ಬರನ್ನೊಬ್ಬರು ಹೊಳೆಗೆ ತಳ್ಳಿದರು. ಸಂಭಾಷಣೆ ಬಂದರೆ ಇಬ್ಬರಲ್ಲಿ ಯಾರಿಗೆ ಮೊದಲು ಬೇಸರವಾಯಿತೋ ಅವರು ಗುಂಡಿ ಒತ್ತಿ ಹಾರಿಸಿದರು. ಪಕ್ಕದಲ್ಲಿ ಕೂತು ಓದಿ ಹೇಳುವವರು ಯಾರೂ ಉಳಿದಿರಲಿಲ್ಲ. ಅವರ ಕೈಗೆ ನಾವು ಕತ್ತಿ ಕೊಟ್ಟಿದ್ದೆವು. ನೇಕಾರ ಹೆಂಗಸಿನ ಮುಂದೆ ಯಾರೂ ನಿಲ್ಲಲಿಲ್ಲ. ಏಳನೇ ಘಾಟಿನಲ್ಲಿ ಅಪ್ಪ ಎದುರು ಬಂದಾಗ ಒಬ್ಬ ಹುಡುಗ, "ಇವನನ್ನು ಹೊಡೆಯಬೇಕಾ?" ಎಂದು ಕೇಳಿದ. ಪಬ್ಲಿಷರಿಗೆ ನಗುವಿನ ವಿಡಿಯೋ ಕಳಿಸಿದೆವು. ಅವರಿಗೆ ಬಹಳ ಖುಷಿಯಾಯಿತು. ದುರ್ಗಾಪೂಜೆಗೆ ಒಂದು ತಿಂಗಳ ಮೊದಲು ಆಟ ಮಾರುಕಟ್ಟೆಗೆ ಹೋಯಿತು, ಕೆಲವು ವಾರ ಇತ್ತು, ಮರೆತುಹೋಯಿತು. ನನ್ನ ಕಥೆಯನ್ನು ಕಾಪಾಡಲು ಹೇಳಿದ ಸುಳ್ಳು ನನ್ನ ಕಥೆಯನ್ನೂ ಉಳಿಸಲಿಲ್ಲ.

ಈ ಅವಧಿಯಲ್ಲಿ ನಾನು ಝುಮಾದಿಯನ್ನು ಒಮ್ಮೆಯೂ ನೋಡಲು ಹೋಗಲಿಲ್ಲ. ನಾಲಿಗೆ ತೊದಲತೊಡಗಿದೆ ಎಂದು ಜೂನಿನಲ್ಲಿ ತಿಳಿಯಿತು. ಅಕ್ಟೋಬರಿನಲ್ಲಿ ಮಾತು ನಿಂತಿತು. ಭಾಯಿಫೋಟಾ ದಿನ ಅಕ್ಕಂದಿರು ತಮ್ಮಂದಿರ ಹಣೆಗೆ ಗಂಧದ ಬೊಟ್ಟಿಡುತ್ತಾರೆ. ಪಾರ್ಥ ಅಕ್ಕನ ಬೆರಳನ್ನು ತಾನೇ ಹಿಡಿದು ಗಂಧಕ್ಕೆ ಅದ್ದಿ ತನ್ನ ಹಣೆಗೆ ಮುಟ್ಟಿಸಿಕೊಂಡನಂತೆ. ಇದನ್ನು ನನಗೆ ಹೇಳಿದ್ದು ಆಫೀಸಿನ ಇನ್ನೊಬ್ಬರು. ನಮ್ಮ ಮನೆಯಲ್ಲಿ ಅಮ್ಮ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಆ ಪಾರ್ಥನ ಅಕ್ಕನ್ನ ಒಂದ್ ಸಲ ಹೋಯಿ ಕಂಡ್ಕಂಡ್ ಬಪ್ಪುಕೆ ಆತಿಲ್ಯಾ ನಿಂಗೆ?" ಎಂದು ಕೇಳುತ್ತಲೇ ಇದ್ದಳು. ಕೆಲಸ ಎನ್ನುತ್ತಿದ್ದೆ. ನಿಜವಾಗಿ ನನಗೆ ಅವರ ಕಣ್ಣು ಎದುರಿಸುವ ಧೈರ್ಯವಿರಲಿಲ್ಲ. ಒಂದು ತಿಂಗಳ ಸಂಜೆಗಳನ್ನು ಕೊಟ್ಟು ಉಳಿದ ಮಾತುಗಳನ್ನು ಬರೆದಿದ್ದರೆ, ಮಾರುಕಟ್ಟೆಗೆ ಬೇಡ, ಅವರೊಬ್ಬರಿಗಾಗಿಯಾದರೂ ಪಾರ್ಥ ಅದನ್ನು ಹೇಗಾದರೂ ಕೂಡಿಸಿಕೊಡುತ್ತಿದ್ದ. ಈಗ ಬರೆಯುತ್ತೇನೆ ಎಂದು ಹೇಳಬೇಕಾದರೆ ಆಗ ಏನಾಯಿತು ಎಂದೂ ಹೇಳಬೇಕಾಗುತ್ತಿತ್ತು. ಅದಕ್ಕಾಗಿ ಬರೆಯಲಿಲ್ಲ.

ಝುಮಾದಿ ತೀರಿಕೊಂಡದ್ದು ೨೦೦೯ರ ಜನವರಿಯಲ್ಲಿ. ಶ್ರಾದ್ಧ ಮುಗಿದ ಮೇಲಿನ ಭಾನುವಾರ ನಾನು ಆ ಮನೆಗೆ ಹೋದೆ. ಕಂಪ್ಯೂಟರು ಅಲ್ಲೇ ಇತ್ತು. ಅದರ ಕೆಳಗೆ ಪೆಡಲ್ ಕೂಡ ಇತ್ತು, ಒಂದು ಬದಿ ಸವೆದು ನುಣ್ಣಗಾಗಿತ್ತು. ಕೊನೆಯವರೆಗೂ ಆಡುತ್ತಿದ್ದಳು ಎಂದ ಪಾರ್ಥ. ಅವೇ ಎರಡು ಘಾಟು. ಮಾತು ಹೋದ ಮೇಲೆ ಗಟ್ಟಿಯಾಗಿ ಓದುವುದು ಪಾರ್ಥನ ಪಾಲಿಗೆ ಬಂದಿತ್ತು. ಅವನು ದನಿ ಬದಲಿಸದೆ ಓದಿದರೆ ಅವಳಿಗೆ ಸಿಟ್ಟು ಬರುತ್ತಿತ್ತಂತೆ. ಪೆಡಲನ್ನು ಟಕಟಕ ಒತ್ತಿ ಮತ್ತೆ ಮೊದಲಿನಿಂದ ಓದಿಸುತ್ತಿದ್ದಳಂತೆ.

ತಾಯಿ ನನ್ನ ಪಕ್ಕದಲ್ಲಿ ಕೂತರು. ಬಂಗಾಳಿಯಲ್ಲಿ ಕೇಳಿದರು: "ಆ ಹುಡುಗಿಗೆ ಕೊನೆಗೆ ಅಪ್ಪ ಸಿಕ್ಕಿದನಾ? ನಮಗೆ ಎರಡರ ಮುಂದಿನದು ಸರಿಯಾಗಿ ಗೊತ್ತಾಗಲೇ ಇಲ್ಲ. ಹೊಸದರಲ್ಲಿ ಬರೀ ಹೊಡೆದಾಟ."

ನಾನು ಹೇಳಿದೆ. ನನ್ನ ಬಂಗಾಳಿ ಬಜಾರಿನ ಬಂಗಾಳಿ. ದನಿ ಬದಲಿಸಿ ಹೇಳಲು ನನಗೆ ಬರುವುದಿಲ್ಲ. ಮೂರನೇ ಘಾಟಿನಿಂದ ಏಳನೆಯದರವರೆಗೆ ಹೇಳಲು ಒಂದೂವರೆ ಗಂಟೆ ಹಿಡಿಯಿತು. ಆ ಕಥೆಯನ್ನು ನಾನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ನಡುನಡುವೆ ಪ್ರಶ್ನೆ ಕೇಳಿದರು, ಎರಡು ಕಡೆ ನನ್ನ ಜತೆ ವಾದ ಮಾಡಿದರು. ಎರಡೂ ಕಡೆ ಅವರು ಹೇಳಿದ್ದೇ ಸರಿಯಾಗಿತ್ತು. ಮೊಯ್ನಾ ಏನೂ ಹೇಳದೆ ಹೊಳೆ ದಾಟಿ ಹೋದಳು ಎಂದು ಮುಗಿಸಿದಾಗ, "ಝುಮಾ ಇದನ್ನು ಒಪ್ಪುತ್ತಿರಲಿಲ್ಲ, ನಿನ್ನ ಜತೆ ಜಗಳಕ್ಕೆ ಬೀಳುತ್ತಿದ್ದಳು" ಎಂದು ಕಣ್ಣೊರೆಸಿಕೊಂಡು ಚಹಾ ಮಾಡಲು ಎದ್ದರು.

ಆಗ ನಾನು ಪಾರ್ಥನಿಗೆ ಹೇಳಿದೆ. ಸಮಯ ಸಿಗಲಿಲ್ಲ ಎಂದದ್ದು ಸುಳ್ಳು. ಬೇರೆ ದಾರಿ ಇದೆಯೇ ಎಂದು ಪಬ್ಲಿಷರ್ ಕಡೆಯವರೇ ಕೇಳಿದರು, ನಾನು ಇಲ್ಲ ಎಂದೆ.

"ಗೊತ್ತು," ಎಂದ ಪಾರ್ಥ.

"ಹೇಗೆ?" ಎಂದೆ.

"ಮಾರನೆಯ ದಿನ ಮಧ್ಯಾಹ್ನ ಅವರ ಕಡೆಯಿಂದ ಮೀಟಿಂಗಿನ ಮಿನಿಟ್ಸ್ ಬಂತಲ್ಲ, ತಂಡದ ಎಲ್ಲರಿಗೂ. ಅದರಲ್ಲಿತ್ತು. ಬೇರೆ ವಿನ್ಯಾಸ ಇದೆಯೇ ಎಂದು ಕೇಳಲಾಯಿತು, ಇಲ್ಲವೆಂದು ಸ್ಟುಡಿಯೋ ತಿಳಿಸಿತು, ಅಂತ."

ಮೀಟಿಂಗಿನಲ್ಲಿ ತಾವೇ ಕೂತವರು ಮಿನಿಟ್ಸ್ ಓದುವುದಿಲ್ಲ. ನಾನೂ ಓದಿರಲಿಲ್ಲ.

"ನನ್ನನ್ನು ಯಾಕೆ ಕೇಳಲಿಲ್ಲ?"

"ದೀದಿಗೆ ಓದಿ ಹೇಳಿದೆ. ಎರಡು ದಿನ ಅವಳು ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ, ನೀನಾಗಿ ಕೇಳಬೇಡ, ಅವಳೇ ಬಂದು ಹೇಳುತ್ತಾಳೆ, ಬರೆದದ್ದು ನೋಡಿದರೆ ಕೆಟ್ಟವಳಲ್ಲ ಅಂದಳು." ಅವನು ನೆಲ ನೋಡುತ್ತಾ ಮುಂದುವರಿಸಿದ. "ಬೆಲ್ ಆದಾಗಲೆಲ್ಲ ಕೇಳುತ್ತಿದ್ದಳು, ಶೈಲಜಾನಾ ನೋಡು ಅಂತ. ಮಾತು ನಿಂತ ಮೇಲೆ ಬಾಗಿಲ ಕಡೆ ತಿರುಗಿ ನೋಡುತ್ತಿದ್ದಳು."

ತಾಯಿ ಚಹಾ ತಂದರು. ಕುಡಿದೆ. ಮತ್ತೇನು ಮಾತಾಡಿದೆವು ಎನ್ನುವುದು ನೆನಪಿಲ್ಲ. ಬಹಳ ಅತ್ತೆ ಎನ್ನುವುದು ನೆನಪಿದೆ.

ಸ್ಟುಡಿಯೋ ಮರುವರ್ಷ ಮುಚ್ಚಿತು. ಆಮೇಲೆ ನಾನು ಬೇರೆ ಮೂರು ಕಡೆ ದುಡಿದು, ಈಗ ಕೆಲಸ ಬಿಟ್ಟಿದ್ದೇನೆ. ಕಥೆಯ ಆಟಕ್ಕೆ ಜತೆಗಾರ ಬೇಕೇ ಎಂದು ಈಗಲೂ ಹೊಸಬರು ನನ್ನನ್ನು ಕೇಳುತ್ತಾರೆ. ಇಬ್ಬರ ಕೈಗೂ ಕತ್ತಿ ಕೊಟ್ಟರೆ ಕಥೆ ಕೇಳುವವರು ಇರುವುದಿಲ್ಲ, ಅದು ನಿಜ ಎನ್ನುತ್ತೇನೆ. ಆದರೆ ಮೊದಲು ಯಾರದಾದರೂ ಮನೆಗೆ ಹೋಗಿ, ಪರದೆಯ ಮುಂದೆ ಈಗಾಗಲೇ ಎಷ್ಟು ಜನ ಕೂತಿದ್ದಾರೆ, ಅವರಲ್ಲಿ ಯಾರು ಏನು ಕೇಳುತ್ತಿದ್ದಾರೆ ಎಂದು ನೋಡಿಕೊಂಡು ಬನ್ನಿ ಎಂದೂ ಹೇಳುತ್ತೇನೆ. ಇನ್ನೊಂದು ಅಭ್ಯಾಸವೂ ಆ ಕರೆಯಿಂದ ಬಂತು. ಬೇರೆ ದಾರಿ ಇದೆಯೇ ಎಂದು ಯಾರಾದರೂ ಕೇಳಿದರೆ, ತಂಡದಲ್ಲಿ ನನಗೆ ಹಿಡಿಸದ ದಾರಿ ಯಾರದೋ ಅದನ್ನೇ ಮೊದಲು ಹೇಳುತ್ತಿದ್ದೆ, ಹೆಸರು ಸಮೇತ. ಜನ ಅದನ್ನು ನನ್ನ ದೊಡ್ಡಗುಣ ಎಂದುಕೊಂಡರು. ಅಲ್ಲವೆಂದು ಅವರಿಗೆ ಹೇಳಲು ಹೋಗಲಿಲ್ಲ.

ಝುಮಾದಿ ಹನ್ನೊಂದು ತಿಂಗಳು ಕಾದರು. ಸದರ್ನ್ ಅವೆನ್ಯೂದಿಂದ ಸಿಯಾಲ್ದಾಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಾನು ಹೋಗಲಿಲ್ಲ.